ಬಣವೆಯೊಳಗಿನ ಗೊಬ್ಬರ

ರಾಸಾಯನಿಕ ಗೊಬ್ಬರದ ಬೆಲೆ ಏರಿದಾಗಲೆಲ್ಲ ನಮ್ಮ ಚರ್ಚೆಗಳು ಭತ್ತ, ಮುಸುಕಿನ ಜೋಳ, ಕಬ್ಬು, ಹತ್ತಿಗಳನ್ನು ಸುತ್ತಿ ಬಂದು ಮಂಡಿಯ ಬಾಗಿಲಲ್ಲಿ ನಿಂತುಬಿಡುತ್ತವೆ. ಕಣದ ಆಚೆಗೆ, ಮನೆಯ ಹಿತ್ತಲಲ್ಲಿ, ಮುಂದಿನ ಮಳೆಗಾಲದವರೆಗೆ ದನಕರುಗಳ ಜೀವಾಧಾರವಾಗಿ ನಿಂತಿರುವ ಹುಲ್ಲಿನ ಬಣವೆಯವರೆಗೆ ಅವು ಬರುವುದು ಅಪೂರ್ವ. ಹುಲ್ಲೆಂಬುದು ಬೆಳೆಯಲ್ಲ, ಬೆಳೆಯ ಶೇಷ ಎಂಬ ಭಾವನೆ ಅಧಿಕಾರಿಗಳಲ್ಲಿಯೂ ಇದೆ, ಅರ್ಥಶಾಸ್ತ್ರಜ್ಞರಲ್ಲಿಯೂ ಇದೆ. ರಾಗಿಗೆ ಬೆಂಬಲ ಬೆಲೆಯುಂಟು, ಕೊಬ್ಬರಿಗೂ ಉಂಟು. ರಾಗಿಹುಲ್ಲಿಗೆ ಯಾರೂ ಏನನ್ನೂ ಘೋಷಿಸಿದವರಲ್ಲ. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಗೊಬ್ಬರದ ಚೀಲದ ಬೆಲೆಗೂ ಹುಲ್ಲಿನ ಬೆಲೆಗೂ ಇರುವ ನಂಟು ಮೇಲುನೋಟಕ್ಕೆ ಕಾಣುವುದಕ್ಕಿಂತ ಬಹಳ ನಿಕಟವಾದದ್ದು. ಆ ನಂಟನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವ ಕಾರಣದಿಂದಲೇ ಈ ಸೀಮೆಯ ರೈತನು ತನ್ನ ಮನೆಯಲ್ಲಿರುವ ಗೊಬ್ಬರವನ್ನು ಅಗ್ಗಕ್ಕೆ ಮಾರಿ, ಅದನ್ನೇ ಚೀಲದಲ್ಲಿ ದುಬಾರಿಗೆ ಕೊಂಡುತರುತ್ತಿದ್ದಾನೆಂಬುದು ನನ್ನ ವಾದ.

ಮೊದಲು ತೆಂಗಿನ ಮರದ ಹಸಿವನ್ನು ತಿಳಿಯಬೇಕು. ಫಲಕ್ಕೆ ಬಂದ ಒಂದು ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್ ಬೇಕೆಂದು ಕೃಷಿ ವಿಜ್ಞಾನಿಗಳು ಬಹು ಕಾಲದಿಂದ ಶಿಫಾರಸು ಮಾಡುತ್ತ ಬಂದಿದ್ದಾರೆ. ಈ ಮೂರು ಅಂಕಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ, ಬಯಲಿನ ಧಾನ್ಯದ ಬೆಳೆಗಳಂತೆ ತೆಂಗು ಸಾರಜನಕಕ್ಕಾಗಿ ಹಂಬಲಿಸುವ ಸಸ್ಯವಲ್ಲ, ಅದು ಮುಖ್ಯವಾಗಿ ಪೊಟ್ಯಾಷನ್ನು ಬೇಡುವ ವೃಕ್ಷ ಎಂಬುದು ವಿಶದವಾಗುತ್ತದೆ. 1200 ಗ್ರಾಂ ಪೊಟ್ಯಾಷ್ ಸತ್ವವೆಂದರೆ ಅಂಗಡಿಯಲ್ಲಿ ಸಿಗುವ ಪೊಟ್ಯಾಷ್ ಗೊಬ್ಬರ, ಅಂದರೆ ಮ್ಯುರಿಯೇಟ್ ಆಫ್ ಪೊಟ್ಯಾಷ್, ಮರಕ್ಕೆ ಎರಡು ಕಿಲೋ. ಎಕರೆಗೆ ಐವತ್ತು ಮರವೆಂದಿಟ್ಟುಕೊಂಡರೆ ನೂರು ಕಿಲೋ, ಅಂದರೆ ಎರಡು ಚೀಲ.

ಆ ಎರಡು ಚೀಲಗಳ ಕಥೆಯೇ ಈ ಲೇಖನದ ಅರ್ಧ ಭಾಗ. 2010ರ ಏಪ್ರಿಲ್ 1ಕ್ಕೆ ಮುಂಚೆ ಪೊಟ್ಯಾಷಿನ ಬೆಲೆ ಟನ್ನಿಗೆ 4455 ರೂಪಾಯಿ, ಚೀಲಕ್ಕೆ ಇನ್ನೂರ ಇಪ್ಪತ್ತಮೂರರ ಸಮೀಪ. ಎಕರೆ ತೋಟದ ಎರಡು ಚೀಲಕ್ಕೆ 450 ರೂಪಾಯಿ ಸಾಕಾಗುತ್ತಿತ್ತು. ಅಂದಿನಿಂದ ಜಾರಿಗೆ ಬಂದ ಪೋಷಕಾಂಶ ಆಧಾರಿತ ಸಹಾಯಧನ ಪದ್ಧತಿಯಲ್ಲಿ ಸರ್ಕಾರವು ಒಂದೊಂದು ಸತ್ವಕ್ಕೆ ಇಂತಿಷ್ಟೆಂದು ಸಹಾಯಧನವನ್ನು ಗೊತ್ತುಮಾಡಿ, ಮಾರಾಟದ ಬೆಲೆಯನ್ನು ಕಂಪನಿಗಳಿಗೆ ಬಿಟ್ಟಿತು. ಆ ಮೊದಲ ವರ್ಷ ಪೊಟ್ಯಾಷ್ ಸತ್ವದ ಪ್ರತಿ ಕಿಲೋಗೆ ಸರ್ಕಾರ ಕೊಟ್ಟದ್ದು 24 ರೂಪಾಯಿಗಿಂತ ಹೆಚ್ಚು. 2025ರ ಮುಂಗಾರಿಗೆ ಕೊಟ್ಟದ್ದು 2 ರೂಪಾಯಿ 38 ಪೈಸೆ. ಪೊಟ್ಯಾಷ್ ನಮ್ಮ ನೆಲದಲ್ಲಿ ಅಗೆಯುವ ವಸ್ತುವಲ್ಲ. ಕೆನಡಾ, ರಷ್ಯಾ, ಬೆಲಾರುಸ್, ಜೋರ್ಡಾನ್, ಇಸ್ರೇಲ್ ಮೊದಲಾದ ದೇಶಗಳಿಂದ ಹಡಗಿನಲ್ಲಿ ಬರುವಂಥದು. ಆದ್ದರಿಂದ ಯುಕ್ರೇನಿನಲ್ಲಿ ಯುದ್ಧ ಹತ್ತಿದ 2022ರಲ್ಲಿ ಐವತ್ತು ಕಿಲೋ ಚೀಲದ ಬೆಲೆ 1700 ರೂಪಾಯಿಗೆ ಹೋಯಿತು; ಅಲ್ಲಿಂದೀಚೆಗೆ ಕೊಂಚ ಇಳಿದು ಕೊಂಚ ಏರುತ್ತಿದೆಯೇ ವಿನಾ ಹಳೆಯ ಮಟ್ಟದ ಸುಳಿವೇ ಇಲ್ಲ. 450 ರೂಪಾಯಿಯ ಖರ್ಚು 3400 ಆಯಿತು.

ಇದೇ ಅವಧಿಯಲ್ಲಿ ಯೂರಿಯಾದ ಬೆಲೆ ಮಾತ್ರ ಹೆಚ್ಚು ಅಲುಗಾಡಲಿಲ್ಲ. ಚೀಲ ಐವತ್ತು ಕಿಲೋದಿಂದ ನಲವತ್ತೈದಕ್ಕೆ ಇಳಿಯಿತು. ಆದರೆ ಅದರ ಬೆಲೆ ಇಂದಿಗೂ ತೆರಿಗೆ, ಬೇವಿನ ಲೇಪನಗಳೆಲ್ಲ ಸೇರಿ 266 ರೂಪಾಯಿ 50 ಪೈಸೆ. ಯೂರಿಯಾವನ್ನು ಮುಟ್ಟಿದರೆ ಚುನಾವಣೆ ಕೈಬಿಡುತ್ತದೆಂಬ ಭಯ ಎಲ್ಲ ಪಕ್ಷಗಳಿಗೂ ಸಮಾನವಾಗಿದೆ. ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ 2008ರ ಜೂನಿನಲ್ಲಿ ಹಾವೇರಿಯಲ್ಲಿ ಗೋಲಿಬಾರ್ ನಡೆದ ನಾಡಿನಲ್ಲಿ ಆ ಭಯ ನಿರಾಧಾರವೆಂದು ನಾನು ಹೇಳಲಾರೆ. ಆದರೆ ಪರಿಣಾಮವೇನಾಯಿತು? ಸಹಾಯಧನದ ಬಹುದೊಡ್ಡ ಪಾಲು ಗೋಧಿ ಭತ್ತಗಳ ಸೀಮೆಗೆ ಹಿತವಾದ ಯೂರಿಯಾಕ್ಕೆ ಹರಿದು, ತೆಂಗಿನ ಸೀಮೆಗೆ ಹಿತವಾದ ಪೊಟ್ಯಾಷ್ ಅನಾಥವಾಯಿತು. ಕೈಯಲ್ಲಿ ಸಾವಿರ ರೂಪಾಯಿ ಹಿಡಿದು ಸೊಸೈಟಿಯ ಮುಂದೆ ನಿಂತ ತೋಟದವನು ಮರಕ್ಕೆ ಬೇಕಾದುದನ್ನು ಬಿಟ್ಟು ಹಣಕ್ಕೆ ಸಿಕ್ಕಿದ್ದನ್ನು ಹೊತ್ತುಕೊಂಡು ಹೋದನು. ಆ ಯೂರಿಯಾವೂ 2025ರ ಮುಂಗಾರಿನಲ್ಲಿ ಸಾಲು ನಿಂತರೂ ಸಾಕಷ್ಟು ಸಿಗದೆ ಹೋದದ್ದನ್ನು ಎಲ್ಲರೂ ಕಂಡಿದ್ದೇವೆ.

ಇನ್ನು ಹುಲ್ಲಿನ ಕಡೆಗೆ ಬರೋಣ. ಧಾನ್ಯದ ಯಾವುದೇ ಬೆಳೆ ನೆಲದಿಂದ ಹೀರಿದ ಸಾರಜನಕ ರಂಜಕಗಳಲ್ಲಿ ಹೆಚ್ಚಿನ ಭಾಗವನ್ನು ಕಾಳಿಗೆ ಕೊಡುತ್ತದೆ. ಪೊಟ್ಯಾಷಿನಲ್ಲಿ ಮಾತ್ರ ಹೆಚ್ಚಿನ ಭಾಗವನ್ನು ಕಡ್ಡಿಯಲ್ಲಿಯೇ ಇಟ್ಟುಕೊಳ್ಳುತ್ತದೆ. ಭತ್ತದ ಹುಲ್ಲಿನಲ್ಲಿ ಟನ್ನಿಗೆ ಹದಿನಾಲ್ಕರಿಂದ ಇಪ್ಪತ್ತು ಕಿಲೋವರೆಗೆ ಪೊಟ್ಯಾಷ್ ಸತ್ವವಿರುವುದುಂಟು; ರಾಗಿಹುಲ್ಲು ಇದಕ್ಕಿಂತ ಬಹಳ ದೂರದ್ದಲ್ಲ. ಲೆಕ್ಕಕ್ಕೆ ಸುಲಭವಾಗುವಂತೆ ಟನ್ನಿಗೆ ಹದಿನೈದು ಕಿಲೋ ಎನ್ನೋಣ. ಅಂದರೆ ಒಂದು ಟನ್ ಹುಲ್ಲಿನೊಳಗೆ ಇಪ್ಪತ್ತೈದು ಕಿಲೋ ಪೊಟ್ಯಾಷ್ ಗೊಬ್ಬರ, ಅರ್ಧ ಚೀಲ, ಅಡಗಿದೆ. ನಾಲ್ಕು ಟನ್ ಹುಲ್ಲು ತುಂಬಿದ ಲಾರಿ ಹುಳಿಯಾರಿನ ರಸ್ತೆಯಲ್ಲಿ ಅತ್ತಿತ್ತ ತೊನೆಯುತ್ತ, ಅಕ್ಕಪಕ್ಕದ ಮರಗಳ ಕೊಂಬೆಗೆ ನಾಲ್ಕು ಎಳೆ ಹುಲ್ಲನ್ನು ತಗುಲಿಸಿ ಹೊರಟಿತೆಂದರೆ, ಒಂದು ಎಕರೆ ತೆಂಗಿನ ತೋಟಕ್ಕೆ ಒಂದು ವರ್ಷ ಪೂರ್ತಿ ಸಾಲುವ ಎರಡು ಚೀಲ ಪೊಟ್ಯಾಷ್ ಊರು ಬಿಟ್ಟಿತೆಂದೇ ಅರ್ಥ. ಲಾರಿಯವನು ಹುಲ್ಲಿಗೆ ದುಡ್ಡು ಕೊಟ್ಟನು. ಅದರೊಳಗಿನ 3400 ರೂಪಾಯಿಯ ಗೊಬ್ಬರಕ್ಕೆ ಅವನೂ ಬೆಲೆ ಕಟ್ಟಲಿಲ್ಲ, ಮಾರಿದವನೂ ಕೇಳಲಿಲ್ಲ.

ಹುಲ್ಲು ಊರಲ್ಲೇ ಉಳಿದರೆ ಅದೆಲ್ಲ ತೋಟಕ್ಕೆ ಸೇರುತ್ತದೆಯೇ ಎಂದು ಕೇಳಿದರೆ, ಸೇರಬಹುದು, ಆದರೆ ಸೇರುತ್ತಿಲ್ಲ. ಹಸು ತಿಂದ ಹುಲ್ಲಿನ ಪೊಟ್ಯಾಷಿನಲ್ಲಿ ಹಾಲಿಗೆ ಹೋಗುವುದು ಅಲ್ಪ. ಸಗಣಿಯಲ್ಲಿಯೂ ದೊಡ್ಡ ಪಾಲು ಇಲ್ಲ. ಅದರ ಬಹುಭಾಗ ಹೋಗುವುದು ಗಂಜಲದಲ್ಲಿ. ಮಣ್ಣಿನ ನೆಲದ ಹಳೆಯ ಕೊಟ್ಟಿಗೆಯಲ್ಲಿ ದನ ತಿಂದು ಬಿಟ್ಟ ಹುಲ್ಲುಕಡ್ಡಿ, ಒಣಗಿದ ಎಲೆ, ಒಲೆಯ ಬೂದಿ ಎಲ್ಲ ಕಾಲಡಿಯಲ್ಲಿ ಹರಡಿ ಗಂಜಲವನ್ನು ಹೀರಿಕೊಂಡು, ಬೆಳಗ್ಗೆ ಮಂಕರಿಯಲ್ಲಿ ತಿಪ್ಪೆಗೆ ಹೋಗುತ್ತಿದ್ದುವು. ವರ್ಷಕ್ಕೊಮ್ಮೆ ನೆಲದ ಮಣ್ಣನ್ನೇ ಅರ್ಧ ಮೊಳ ಅಗೆದು ತೋಟಕ್ಕೆ ಹಾಕಿ ಹೊಸ ಮಣ್ಣು ತುಂಬುವ ರೂಢಿಯೂ ಇತ್ತು. ಮೂಗಿಗೆ ಘಾಟು ಹತ್ತುವ ಆ ಮಣ್ಣಿನ ಬೆಲೆ ಹಳಬರಿಗೆ ಗೊತ್ತಿತ್ತು. ಇಂದಿನ ಕೊಟ್ಟಿಗೆಗೆ ಸಿಮೆಂಟಿನ ನೆಲ. ಮಿಶ್ರತಳಿಯ ಹಸುವಿನ ಕೆಚ್ಚಲು ಶುಚಿಯಾಗಿರಬೇಕು, ಡೇರಿಗೆ ಹಾಕುವ ಹಾಲು ಕೆಡಬಾರದು ಎಂಬ ಸಕಾರಣವಾದ ಎಚ್ಚರದಿಂದ ಮನೆಯಾಕೆ ಬೆಳಗ್ಗೆ ಸಂಜೆ ನೀರು ಹೊಯ್ದು ಪೊರಕೆ ಹಿಡಿದು ತೊಳೆಯುತ್ತಾಳೆ. ಇಳಿಜಾರಿನ ತುದಿಯಲ್ಲಿ ಒಂದು ಪೈಪು. ಪೈಪಿನ ಆಚೆ ರಸ್ತೆಯ ಮೋರಿ. ನರೇಗಾದಲ್ಲಿ ಕೊಟ್ಟಿಗೆ ಕಟ್ಟಿಸಿಕೊಂಡ ಹಲವು ಮನೆಗಳಲ್ಲಿ ಗಂಜಲದ ಗುಂಡಿ ನಕ್ಷೆಯಲ್ಲಿರುತ್ತದೆ, ನೆಲದ ಮೇಲೆ ಇದ್ದರೂ ಮುಚ್ಚಿಹೋಗಿರುತ್ತದೆ. ಕೆನಡಾದ ಗಣಿಯಿಂದ ಸಾಗರ ದಾಟಿ ಬಂದು ರಾಗಿಹೊಲಕ್ಕೆ ಬಿದ್ದ ಪೊಟ್ಯಾಷ್, ಹುಲ್ಲಿನ ಮೂಲಕ ಹಸುವಿನ ಹೊಟ್ಟೆಯನ್ನು ಹಾದು, ತೋಟದಿಂದ ಇಪ್ಪತ್ತು ಮಾರು ದೂರದಲ್ಲಿ ಮೋರಿಯ ಪಾಲಾಗುವುದು ನಮ್ಮ ಕಾಲದ ವಿಚಿತ್ರಗಳಲ್ಲೊಂದು.

ಹುಲ್ಲಿನ ಬೆಲೆಯನ್ನು ಗೊಬ್ಬರ ಹೇಗೆ ಆಳುತ್ತದೆಂಬುದಕ್ಕೆ ಇನ್ನೊಂದು ಮುಖವಿದೆ. ಅದು ರಸಾಯನಶಾಸ್ತ್ರದ್ದಲ್ಲ, ಸಾಲದ್ದು. ಆಷಾಢ ಶ್ರಾವಣಗಳಲ್ಲಿ ರಾಗಿ ಬಿತ್ತುವವನು ಡಿ.ಎ.ಪಿ.ಯನ್ನೋ ಹದಿನೇಳು ಹದಿನೇಳು ಹದಿನೇಳನ್ನೋ ಅಂಗಡಿಯಿಂದ ಉದ್ದರಿ ತರುತ್ತಾನೆ. ಡಿ.ಎ.ಪಿ. ಚೀಲ 1350 ರೂಪಾಯಿ. ಅದು ಸುಲಭವಾಗಿ ಸಿಗದಿದ್ದಾಗ ಅಂಗಡಿಯವನು ಜೊತೆಗೆ ತಗುಲಿಹಾಕುವ ಬೇಡದ ಪುಡಿ ದ್ರಾವಣಗಳ ಬೆಲೆ ಬೇರೆ. ಪುಷ್ಯಮಾಸದಲ್ಲಿ ಒಕ್ಕಣೆ ಮುಗಿಯುವ ಹೊತ್ತಿಗೆ ಅಂಗಡಿಯವನ ಲೆಕ್ಕದ ಪುಸ್ತಕ ತೆರೆಯುತ್ತದೆ. ರಾಗಿಯನ್ನು ಮಾರಲು ಮನಸ್ಸಿಲ್ಲ, ಅದು ವರ್ಷದ ಊಟ. ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ಹಾಕಿದರೂ ಹಣ ಕೈಸೇರಲು ಕಾಯಬೇಕು. ಕೊಬ್ಬರಿಯಂತೂ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕುಳಿತು, ಕಾಯಿಯ ನೀರು ಆರಿ, ಉಂಡೆ ಕಟ್ಟಿ, ಅಲ್ಲಾಡಿಸಿದರೆ ಕಡಕಡ ಎನ್ನುವ ತನಕ ದುಡ್ಡಲ್ಲ. ಕೈಗೆ ಸಿಗುವ ನಗದು ಒಂದೇ: ಹುಲ್ಲು. ಆಗ ಕೊಳ್ಳುವವನು ಬರುತ್ತಾನೆ. ಬಣವೆಯನ್ನು ಒಂದು ಸುತ್ತು ಬಂದು, ಒಳಕ್ಕೆ ಕೈ ಹಾಕಿ ಒಂದು ಹಿಡಿ ಎಳೆದು ಮೂಸಿ, “ಮಳೇಲಿ ನೆಂದಿದೆ ಕಣಣ್ಣ, ಇದಕ್ಕೇನು ರೇಟು ಹೇಳ್ತೀಯಾ” ಎಂದು ರಾಗ ತೆಗೆಯುತ್ತಾನೆ. “ಒಳಗಡೆ ಹೊನ್ನಿನಂಗಿದೆ, ನೋಡಪ್ಪ ನೀನೇ” ಎಂದು ಮನೆಯ ಯಜಮಾನ. ಊರಲ್ಲಿ ಅದೇ ವಾರ ಹತ್ತು ಬಣವೆಗಳು ಮಾರಾಟಕ್ಕಿರುವಾಗ ಈ ಸಂವಾದದ ಗತಿ ಏನೆಂದು ಇಬ್ಬರಿಗೂ ಗೊತ್ತು.

ಹೀಗೆ ಗೊಬ್ಬರದ ಬೆಲೆ ಏರಿದಷ್ಟೂ ಸಾಲದ ಮೊತ್ತ ಏರುತ್ತದೆ. ಸಾಲ ಏರಿದಷ್ಟೂ ಸುಗ್ಗಿಯ ಕಾಲದಲ್ಲಿ ಒಟ್ಟಿಗೆ ಮಾರುಕಟ್ಟೆಗೆ ಬೀಳುವ ಹುಲ್ಲು ಹೆಚ್ಚಾಗಿ ಬೆಲೆ ಕುಸಿಯುತ್ತದೆ. ಊರಿನ ಬಣವೆಗಳು ಬೇಗ ಕರಗಿದಷ್ಟೂ ಚೈತ್ರ ವೈಶಾಖಗಳಲ್ಲಿ ಅದೇ ಹುಲ್ಲು ದುಬಾರಿಯಾಗುತ್ತದೆ. ಗೊಬ್ಬರ ತುಟ್ಟಿಯಾದರೆ ಹುಲ್ಲು ತುಟ್ಟಿಯಾಗುತ್ತದೆಂದು ಪಟ್ಟಣದಲ್ಲಿ ಕುಳಿತು ಸರಳವಾಗಿ ಹೇಳಬಹುದು. ಹಳ್ಳಿಯಲ್ಲಿ ಅದು ಮಾರುವ ತಿಂಗಳಲ್ಲಿ ಅಗ್ಗ, ಕೊಳ್ಳುವ ತಿಂಗಳಲ್ಲಿ ತುಟ್ಟಿ. ಮಾರಿದವನೂ ಕೊಂಡವನೂ ಎಷ್ಟೋ ವೇಳೆ ಒಬ್ಬನೇ ಆಗಿರುತ್ತಾನೆಂಬುದೇ ಇದರ ಕ್ರೂರ ಭಾಗ. ಎರಡು ಹಸು ಕಟ್ಟಿ ಡೇರಿಗೆ ಹಾಲು ಹಾಕುವ ಮನೆಯವನು ಪುಷ್ಯದಲ್ಲಿ ಬಣವೆಯ ಅರ್ಧವನ್ನು ಮಾರಿ, ಏಪ್ರಿಲಿನಲ್ಲಿ ಭತ್ತದ ಹುಲ್ಲಿನ ಪಿಂಡಿಗಳನ್ನು ಕೊಂಡು ಇಳಿಸಿಕೊಳ್ಳುತ್ತಾನೆ. 2025ರ ಏಪ್ರಿಲಿನಲ್ಲಿ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿದಾಗ ನಗರದವರು ಗೊಣಗಿದರು. ಆ ನಾಲ್ಕು ರೂಪಾಯಿಯಲ್ಲಿ ಹುಲ್ಲಿಗೆ ಎಷ್ಟು, ಹಿಂಡಿ ಬೂಸಾಗಳಿಗೆ ಎಷ್ಟು ಹೋಯಿತೆಂದು ವಿಚಾರಿಸಿದವರು ವಿರಳ.

ಈ ಸೀಮೆಯ ಪೂರ್ವಿಕರು ತೆಂಗನ್ನು ಹೇಗೆ ಸಾಕಿದರೆಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು. ಕೆರೆ ಬತ್ತಿದಾಗ ಗಾಡಿಗಟ್ಟಲೆ ಗೋಡು ಹೊಡೆದರು. ಚಿಕ್ಕನಾಯಕನಹಳ್ಳಿಯ ಕಂಬಳಿಗೆ ಉಣ್ಣೆ ಕೊಡುತ್ತಿದ್ದ ಕುರಿಗಳ ಮಂದೆಯನ್ನು ಹೊಲದಲ್ಲಿ, ತೋಟದಲ್ಲಿ ರಾತ್ರಿಯ ಲೆಕ್ಕದಲ್ಲಿ ನಿಲ್ಲಿಸಿ, ಕುರುಬರಿಗೆ ದವಸ ಅಳೆದರು. ದನಗಳು ಹಗಲೆಲ್ಲ ಗೋಮಾಳದಲ್ಲಿ, ಕಾವಲಿನ ಅಂಚಿನಲ್ಲಿ, ಗುಡ್ಡದ ತಪ್ಪಲಿನಲ್ಲಿ ಮೇದು ರಾತ್ರಿ ಕೊಟ್ಟಿಗೆಯಲ್ಲಿ ಕಟ್ಟಿಸಿಕೊಂಡಾಗ, ಸಾವಿರಾರು ಎಕರೆ ಬಯಲಿನ ಸತ್ವ ಕಾಸು ಖರ್ಚಿಲ್ಲದೆ ಊರಿನ ತಿಪ್ಪೆಗಳಿಗೆ ನಡೆದುಕೊಂಡು ಬರುತ್ತಿತ್ತು. ತೋಟದ ಗೊಬ್ಬರ ತೋಟದಲ್ಲಿ ಹುಟ್ಟುತ್ತಿರಲಿಲ್ಲ; ಹೊಲ, ಬಯಲು, ಕೆರೆಗಳಿಂದ ಹರಿದು ಬರುತ್ತಿತ್ತು. ತಿಪಟೂರಿನ ಬಳಿಯ ಕೊನೇಹಳ್ಳಿಯಲ್ಲಿ ಅಮೃತಮಹಲ್ ತಳಿಯ ದನಗಳ ಕೇಂದ್ರ ಇಂದಿಗೂ ಇದೆ; ಆದರೆ ಆ ಹಳೆಯ ಕಾವಲುಗಳ ವಿಸ್ತಾರ ನಾಡಿನಲ್ಲೆಲ್ಲ ಒತ್ತುವರಿಗೂ ಮಂಜೂರಾತಿಗೂ ಕರಗಿಹೋಗಿದೆ, ಗೋಮಾಳಗಳ ಗತಿಯೂ ಅದೇ. ಹೇಮಾವತಿಯ ನೀರು ಬಂದುದು ಭಾಗ್ಯವೇ ಸರಿ. ಅದರ ಜೊತೆಗೆ ಅಡಕೆ ಬಂತು, ಕೊಳವೆಬಾವಿಗಳ ಬಲದಿಂದ ರಾಗಿಹೊಲಗಳು ತೋಟಗಳಾದುವು. ರಾಗಿಹೊಲ ತೋಟವಾದಾಗ ನಡೆಯುವುದು ಇಮ್ಮಡಿ ನಷ್ಟ: ಹುಲ್ಲು ಕೊಡುವ ನೆಲ ಕಡಮೆಯಾಗುತ್ತದೆ, ಪೊಟ್ಯಾಷ್ ಬೇಡುವ ನೆಲ ಹೆಚ್ಚುತ್ತದೆ. ಉಳಿದ ರಾಗಿಯನ್ನೂ ಆಳು ಸಿಗದೆ ಯಂತ್ರದಿಂದ ಕೊಯ್ಯಿಸಿದರೆ ಕುಡುಗೋಲಿನ ಕೊಯ್ಲಿನಲ್ಲಿ ಬರುತ್ತಿದ್ದಷ್ಟು ಹುಲ್ಲೂ ಬಾರದು, ಬಂದದ್ದು ಪುಡಿಯಾಗಿರುತ್ತದೆ. ಸಾಲದುದಕ್ಕೆ, ತೆಂಗಿನ ಕಾಯಿ ಒಯ್ಯುವ ಪೊಟ್ಯಾಷಿನ ಬಹುಪಾಲು ಅದರ ಸಿಪ್ಪೆಯಲ್ಲಿದೆ. ಹಿಂದೆ ಮರದ ಬುಡದಲ್ಲಿ ಹೂಳುತ್ತಿದ್ದ, ಒಲೆಯಲ್ಲಿ ಉರಿಸಿ ಬೂದಿಯನ್ನು ತೋಟಕ್ಕೆ ಎರಚುತ್ತಿದ್ದ ಆ ಸಿಪ್ಪೆ ಇಂದು ನಾರಿನ ಕಾರ್ಖಾನೆಗೆ ಹೋಗುತ್ತದೆ.

ಇಷ್ಟೆಲ್ಲ ಆದರೂ ರೈತ ಎಚ್ಚರಗೊಳ್ಳದಿರುವುದಕ್ಕೆ ಮರದ ಸ್ವಭಾವವೂ ಒಂದು ಕಾರಣ. ರಾಗಿಗೆ ಗೊಬ್ಬರ ತಪ್ಪಿದರೆ ತಿಂಗಳಲ್ಲಿ ಪೈರು ಹಳದಿ ತಿರುಗಿ ದೂರುತ್ತದೆ. ತೆಂಗಿನಲ್ಲಿ ಹೊಂಬಾಳೆಯ ಮೊಳಕೆ ಮರದ ಸುಳಿಯೊಳಗೆ ಮೂಡಿದಂದಿನಿಂದ ಅದರ ಕಾಯಿ ಬಲಿಯುವವರೆಗೆ ಸುಮಾರು ನಲವತ್ತನಾಲ್ಕು ತಿಂಗಳು ಹಿಡಿಯುತ್ತದೆ. ಇಂದು ಉಣಿಸದ ಅನ್ನದ ಕೊರತೆ ಎರಡು ಮೂರು ವರ್ಷಗಳ ಆಚೆ ಕಾಣಿಸುತ್ತದೆ. 2023ರಲ್ಲಿ ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಕ್ವಿಂಟಾಲಿಗೆ ಎಂಟು ಸಾವಿರದ ಆಸುಪಾಸಿಗೆ ಬಿದ್ದು, 11,750 ರೂಪಾಯಿಯ ಬೆಂಬಲ ಬೆಲೆಯೂ ಕೈಗೆಟುಕದೆ ರೈತರು ಧರಣಿ ಕುಳಿತಾಗ, ಒಂದು ಕ್ವಿಂಟಾಲ್ ಕೊಬ್ಬರಿಗೆ ಐದು ಚೀಲ ಪೊಟ್ಯಾಷೂ ಬರುತ್ತಿರಲಿಲ್ಲ. ಅದೇ ವರ್ಷ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾಗಿ ಹುಲ್ಲಿಗೂ ಹಾಹಾಕಾರ. ಆಗ ತೋಟಕ್ಕೆ ಏನನ್ನೂ ಹಾಕದವರನ್ನು ದೂಷಿಸಲಾಗದು. 2025ರ ನಡುವೆ ಬೆಲೆ ಮೂವತ್ತು ಸಾವಿರದ ಎತ್ತರಕ್ಕೆ ಜಿಗಿದಾಗ ಅಟ್ಟಗಳು ಬರಿದಾಗಿದ್ದುವು. ಬರ, ಬಿಳಿನೊಣ, ಕಪ್ಪುತಲೆ ಹುಳು ಇವೆಲ್ಲ ಅದಕ್ಕೆ ಕಾರಣವಾದುವು ನಿಜ. ಉಪವಾಸವಿದ್ದ ಮರಕ್ಕೆ ರೋಗ ಬೇಗ ಹತ್ತುವುದೆಂಬುದೂ ಅಷ್ಟೇ ನಿಜ.

ಚೀಲದ ಗೊಬ್ಬರವನ್ನೇ ತ್ಯಜಿಸಿ ಸಹಜ ಕೃಷಿಗೆ ಹೊರಳಿದರೆ ಈ ಗೊಡವೆಯೇ ಇಲ್ಲವೆನ್ನುವ ಸಜ್ಜನರಿದ್ದಾರೆ. ಕಾಯಿ, ಸಿಪ್ಪೆ, ಹುಲ್ಲು ಮೂರನ್ನೂ ಲಾರಿಗೆ ತುಂಬಿ ಕಳುಹಿಸಿ, ಪ್ರತಿಯಾಗಿ ಏನನ್ನೂ ತರದೆ, ನೆಲವೇ ಎಲ್ಲವನ್ನೂ ಕೊಡುತ್ತದೆಂದು ಕುಳಿತರೆ ಅದಕ್ಕೆ ಗಣಿಗಾರಿಕೆ ಎಂಬ ಹೆಸರೇ ಸರಿ. ಚಿಕ್ಕನಾಯಕನಹಳ್ಳಿಯ ಕಡೆಯವರಿಗೆ ಆ ಹೆಸರಿನ ಪರಿಚಯ ಚೆನ್ನಾಗಿದೆ. ಹುಲ್ಲನ್ನು ಉಳಿಸಿಕೊಂಡು, ಗಂಜಲವನ್ನು ಹಿಡಿದು, ಸಿಪ್ಪೆಯನ್ನು ಬುಡಕ್ಕೆ ಹಾಕುವವನಿಗೆ ಮಾತ್ರ ಚೀಲವನ್ನು ಬಿಡುವ ಅಧಿಕಾರವಿದೆ.

ಸರ್ಕಾರ ಮಾಡಬೇಕಾದುದರಲ್ಲಿ ಮೊದಲನೆಯದು ದೆಹಲಿಯ ಕೈಯಲ್ಲಿದೆ: ಯೂರಿಯಾಕ್ಕೂ ಪೊಟ್ಯಾಷಿಗೂ ನಡುವೆ ಹುಟ್ಟಿಸಿರುವ ಈ ಅಸಮ ಭೇದವನ್ನು ಕ್ರಮಕ್ರಮವಾಗಿ ಕಡಮೆ ಮಾಡುವುದು. ಅದು ಬೇಗ ಆಗುವುದೆಂಬ ಭ್ರಮೆ ನನಗಿಲ್ಲ. ಆದರೆ ಎರಡನೆಯದಕ್ಕೆ ದೆಹಲಿ ಬೇಕಿಲ್ಲ, ಬೆಂಗಳೂರು ಕೂಡ ಬೇಕಿಲ್ಲ. ಊರಿನ ಡೇರಿ, ಊರಿನ ಸೊಸೈಟಿ ಸಾಕು. ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ದಾಸ್ತಾನಿನ ಮೇಲೆ ಅಡಮಾನ ಸಾಲ ಕೊಡುವ ಏರ್ಪಾಡು ನಮ್ಮಲ್ಲಿ ಹೊಸದಲ್ಲ. ಬಣವೆಯ ಮೇಲೆ ಸಾಲ ಕೊಟ್ಟ ಸೊಸೈಟಿಯನ್ನು ಮಾತ್ರ ನಾನು ಕಂಡಿಲ್ಲ. ಗೊಬ್ಬರದ ಉದ್ದರಿಯನ್ನು ತೀರಿಸುವಷ್ಟು ಹಣವನ್ನು ಪುಷ್ಯಮಾಸದಲ್ಲಿ ಬಣವೆಯ ಈಡಿನ ಮೇಲೆ ಕೊಟ್ಟು, ಬೇಸಗೆಯ ಹಾಲಿನ ಬಟವಾಡೆಯಲ್ಲಿ ವಾರವಾರವೂ ಹಿಡಿದುಕೊಂಡರೆ, ಹುಲ್ಲು ಊರಲ್ಲಿಯೇ ನಿಲ್ಲುತ್ತದೆ. ಹುಲ್ಲಿಲ್ಲದ ಸದಸ್ಯರಿಗಾಗಿ ಡೇರಿಯೇ ಸುಗ್ಗಿಯಲ್ಲಿ ಕೊಂಡು ಬೇಸಗೆಯಲ್ಲಿ ಅಸಲಿಗೆ ಕೊಡಬಹುದು. ಮೇವು ಬ್ಯಾಂಕ್ ಎಂಬುದನ್ನು ತಹಸೀಲ್ದಾರರು ಬರ ಬಂದ ಮೇಲೆ ತೆರೆಯಬೇಕೆಂಬ ನಿಯಮವೇನೂ ಇಲ್ಲ. ಹಾಗೆಯೇ ಗಂಜಲದ ಗುಂಡಿ ತೋಡಿ ಅದರ ನೀರನ್ನು ತೋಟಕ್ಕೆ ಹಾಯಿಸಿದವನಿಗೆ ಪ್ರೋತ್ಸಾಹಧನವನ್ನು, ಕೊಟ್ಟಿಗೆಯ ಫೋಟೋ ನೋಡಿ ಅಲ್ಲ, ತೋಟದವರೆಗಿನ ಕಾಲುವೆ ನೋಡಿ ಕೊಡತಕ್ಕದ್ದು.

ಬಣವೆಗೆ ಬೆಂಕಿ ಬಿದ್ದರೆ ಸಾಲ ಯಾರ ತಲೆಗೆ ಎಂದು ಸೊಸೈಟಿಯ ಕಾರ್ಯದರ್ಶಿಗಳು ಕೇಳಿಯೇ ಕೇಳುತ್ತಾರೆ, ಕೇಳಬೇಕಾದುದೂ ಹೌದು. ಬೇಸಗೆಯಲ್ಲಿ ಒಂದು ಕಿಡಿಗೆ ವರ್ಷದ ಮೇವು ಬೂದಿಯಾದ ಸಂಗತಿ ಯಾವ ಹೋಬಳಿಗೂ ಅಪರಿಚಿತವಲ್ಲ. ಹಸುವಿಗೆ ವಿಮೆ ಮಾಡಿಸುವ ಹಾಲು ಒಕ್ಕೂಟ ಅದೇ ಹಸುವಿನ ಮೇವಿಗೂ ಮಾಡಿಸಲಿ. ಕಂತಿನ ಹಣವನ್ನು ಲೀಟರಿಗೆ ಇಷ್ಟು ಪೈಸೆಯೆಂದು ಮುರಿದುಕೊಂಡರೆ ಯಾವ ರೈತನೂ ತಕರಾರು ಮಾಡಲಾರನು.